ಕನ್ನಂಬಾಡಿಯ ಅಳತೆಯಲ್ಲಿ ಹಿಮಬಂಡೆ

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ರೈತರು ಈ ವಾರವೂ ಪತ್ರಿಕೆ ಬಿಡಿಸಿದೊಡನೆ ಹುಡುಕಿದ್ದು ಕನ್ನಂಬಾಡಿ ಕಟ್ಟೆಯ, ಎಂದರೆ ಕೃಷ್ಣರಾಜಸಾಗರದ, ಮಟ್ಟವನ್ನು: ಗರಿಷ್ಠ 124.80 ಅಡಿ, ಅದರ ಕೆಳಗೆ ಅಂದಿನ ಮಟ್ಟ, ಒಳಹರಿವು, ಹೊರಹರಿವು. ಅಂಟಾರ್ಕ್ಟಿಕದ ಹಿಮನದಿಗಳು ಕಡಲಿನೊಳಕ್ಕೆ ಚಾಚಿ ತೇಲುವ ಅಂಚನ್ನು ಹಿಮಚಾಚು ಎನ್ನುವುದಾದರೆ, ಅದರಿಂದ ಮುರಿದು ಬೇರ್ಪಡುವ ಹಿಮಬಂಡೆಗಳನ್ನು ಅಳೆಯಲು ಈ ಸೀಮೆಯವರಿಗೆ ಆ ಜಲಾಶಯಕ್ಕಿಂತ ತಕ್ಕ ಮಾನವಿಲ್ಲ. ಸಾಮಾನ್ಯವಾಗಿ ವಿಸ್ತೀರ್ಣವನ್ನಷ್ಟೇ ಹೇಳಲಾಗುತ್ತದೆ. 2000ದ ಮಾರ್ಚ್‌ನಲ್ಲಿ ರಾಸ್ ಹಿಮಚಾಚಿನಿಂದ ಕಳಚಿಕೊಂಡ, ಉಪಗ್ರಹಗಳು ದಾಖಲಿಸಿದವುಗಳಲ್ಲೇ ಅತಿ ದೊಡ್ಡದಾದ ಬಿ-15 ಸುಮಾರು 11,000 ಚದರ ಕಿಲೋಮೀಟರ್ ಇದ್ದು, ಮಂಡ್ಯ ಜಿಲ್ಲೆಯ ಎರಡು ಪಟ್ಟಿಗಿಂತ ಹಿರಿದಾಗಿತ್ತು. ಆದರೆ ವಿಸ್ತೀರ್ಣವು ದಪ್ಪವನ್ನು ಹೇಳದು, ನೀರನ್ನಂತೂ ಹೇಳುವುದೇ ಇಲ್ಲ. 2017ರ ಜುಲೈನಲ್ಲಿ ಲಾರ್ಸನ್-ಸಿ ಹಿಮಚಾಚಿನಿಂದ ಬೇರ್ಪಟ್ಟ ಎ-68ರ ತೂಕ ಸುಮಾರು ಒಂದು ಲಕ್ಷ ಕೋಟಿ ಟನ್. ಅದು ಕರಗಿದರೆ ಸುಮಾರು 1,000 ಘನ ಕಿಲೋಮೀಟರ್ ನೀರು. ತುಂಬಿದ ಕನ್ನಂಬಾಡಿಯಲ್ಲಿ ನಿಲ್ಲುವುದು 49.45 ಟಿಎಂಸಿ, ಎಂದರೆ 1.4 ಘನ ಕಿಲೋಮೀಟರ್ ಮಾತ್ರ. ಅಂದಮೇಲೆ ಆ ಒಂದೇ ಬಂಡೆಯಲ್ಲಿ ಸುಮಾರು 700 ಕನ್ನಂಬಾಡಿಗಳಿದ್ದವು. ಅದರ ಅತಿ ದೊಡ್ಡ ತುಂಡು ಸೌತ್ ಜಾರ್ಜಿಯಾ ದ್ವೀಪದ ಬಳಿ ಮೂರೇ ತಿಂಗಳಲ್ಲಿ ಸುಮಾರು 15,200 ಕೋಟಿ ಟನ್ ಸಿಹಿನೀರನ್ನು ಕಡಲಿಗೆ ಸುರಿಯಿತು, ಅದೂ ನೂರಕ್ಕೂ ಹೆಚ್ಚು ಕಟ್ಟೆಗಳಷ್ಟು. ವಿಶ್ವೇಶ್ವರಯ್ಯ ನಾಲೆಯ ಕೊನೆಯ ಗದ್ದೆಗಳಲ್ಲಿ ಕಟ್ಟುನೀರಿನ ಸರದಿಗಾಗಿ ಕಾದವರಿಗೆ ಈ ಲೆಕ್ಕ ಸಂಕಟ ತರುವಂಥದೇ. ಇಷ್ಟು ನೀರು ಸೇರಿದರೆ ಕಡಲು ಉಕ್ಕದೇ ಎಂದರೆ, ತೇಲುವ ಬಂಡೆಯು ತನ್ನ ತೂಕದಷ್ಟು ನೀರನ್ನು ಮೊದಲೇ ಸರಿಸಿರುವುದರಿಂದ, ಅದು ಕರಗಿದರೂ ಕಡಲ ಮಟ್ಟ ಹೆಚ್ಚೇನೂ ಏರದು. ನಿಜವಾದ ಕಳವಳವಿರುವುದು ಹಿಮಚಾಚುಗಳು ಸವೆದಾಗ ಅವು ತಡೆದು ನಿಲ್ಲಿಸಿದ್ದ ನೆಲದ ಹಿಮನದಿಗಳು ಬೇಗ ಬೇಗ ಕಡಲಿಗಿಳಿಯುವುದರಲ್ಲಿ.