ಎರಡು ಪ್ಯಾಂಟು, ನಾಲ್ಕು ಅಂಗಿ

ಕಾಲೇಜು ಶುರುವಾಗುವ ದಿನಗಳಲ್ಲಿ ಸಿಂಧನೂರಿನ ಬಟ್ಟೆ ಅಂಗಡಿಗಳಲ್ಲಿ ಒಂದು ಸಣ್ಣ ಜಗಳ ತಪ್ಪದೆ ನಡೆಯುತ್ತದೆ. ಮಗ ಎತ್ತಿಕೊಂಡ ಅಂಗಿಯನ್ನು ಅಪ್ಪ ಕೆಳಗಿಡಿಸುತ್ತಾರೆ. ಅಪ್ಪ ತೋರಿಸಿದ್ದನ್ನು ಮಗ ತಿರುಗಿಯೂ ನೋಡುವುದಿಲ್ಲ. 'ಇದನ್ನ ಹಾಕ್ಕೊಂಡು ಎಲ್ಲಿಗೆ ಹೋಗ್ತೀಯೋ?' ಎಂದು ಒಬ್ಬರು, 'ಯಪ್ಪಾ, ಎಲ್ಲಾರೂ ಹಿಂಗ ಹಾಕ್ಕೊಳ್ತಾರ' ಎಂದು ಇನ್ನೊಬ್ಬರು. ಕೊನೆಗೆ ಇಬ್ಬರಿಗೂ ಮನಸ್ಸಿಗೆ ಬಾರದ ಯಾವುದೋ ಒಂದನ್ನು ಕಟ್ಟಿಸಿಕೊಂಡು ಹೊರಬರುತ್ತಾರೆ. ಆ ಅಂಗಿ ಎರಡು ಸಲ ಮೈಮೇಲೆ ಬಂದು ಟ್ರಂಕಿನ ತಳ ಸೇರುತ್ತದೆ.

ಅಪ್ಪನದು ತಪ್ಪೆನ್ನುವಂತಿಲ್ಲ. ಈ ಭಾಗದಲ್ಲಿ ಬಟ್ಟೆಯ ದುಡ್ಡು ಕಾಲುವೆಯ ನೀರಿನ ಜೊತೆ ಬರುವಂಥದ್ದು. ತುಂಗಭದ್ರಾ ಎಡದಂಡೆ ಕಾಲುವೆ ಎರಡನೆಯ ಬೆಳೆಗೂ ಹರಿದರೆ ಮನೆಯಲ್ಲಿ ಉಸಿರಾಡಲು ಅವಕಾಶ. ಇಲ್ಲವಾದರೆ ಮೊದಲು ಮುಂದಕ್ಕೆ ಹೋಗುವ ಖರ್ಚು ಬಟ್ಟೆಯದೇ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ಎಂಥ ದಿಗಿಲು ಹಬ್ಬಿತ್ತೆಂದು ಇಲ್ಲಿಯ ರೈತರಿಗೆ ಹೇಳಬೇಕಾಗಿಲ್ಲ. ಇತ್ತ ಮಗನದೂ ತಪ್ಪಲ್ಲ. ಅವನು ನಾಳೆ ರಾಯಚೂರಿಗೋ ಕಲಬುರಗಿಗೋ ಬೆಂಗಳೂರಿಗೋ ಹೋಗಿ, ಗುರುತು ಪರಿಚಯವಿಲ್ಲದ ಅರವತ್ತು ಹುಡುಗರ ನಡುವೆ ಕೂರಬೇಕಾದವನು. ಅವನು ಬಾಯಿ ತೆರೆಯುವ ಮೊದಲೇ ಅವನ ಅಂಗಿಯನ್ನು ನೋಡಿ ಲೆಕ್ಕ ಹಾಕುವವರಿರುತ್ತಾರೆ. ಆ ಅಳುಕನ್ನು ಷೋಕಿ ಎಂದು ತಳ್ಳಿಹಾಕಬಾರದು.

ನನಗೆ ಕಂಡ ಮಟ್ಟಿಗೆ ಈ ಜಗಳ ಬೆಲೆಯದಲ್ಲ, ಫ್ಯಾಷನ್ನಿನದೂ ಅಲ್ಲ. ಬಣ್ಣದ್ದು. ಬಟ್ಟೆಗೆ ಹಾಕಿದ ದುಡ್ಡು ಹಾಳಾಗುವುದು ಬಟ್ಟೆ ಹರಿದುಹೋಗಿ ಅಲ್ಲ, ಅದು ಇನ್ನೊಂದು ಬಟ್ಟೆಯೊಡನೆ ಹೊಂದದೆ.

ಈಗ 'ಸ್ಮಾರ್ಟ್ ಕ್ಯಾಶುವಲ್' ಎಂಬ ಮಾತು ಕಾಲೇಜಿನ ನೋಟೀಸುಗಳಲ್ಲೂ ಕಾಣಿಸುತ್ತದೆ. ಕೋಟು ಟೈ ಬೇಡ, ಮನೆಯಲ್ಲಿ ತೊಡುವ ಟೀ ಶರ್ಟೂ ಬೇಡ, ಕಾಲರಿನ ಅಂಗಿ, ನೆಟ್ಟಗಿನ ಪ್ಯಾಂಟು, ಶುಭ್ರವಾದ ಪಾದರಕ್ಷೆ ಇರಲಿ ಎಂದಷ್ಟೇ ಅದರ ಅರ್ಥ. ತರಗತಿಗೆ, ಸೆಮಿನಾರಿಗೆ, ಗೆಳೆಯನ ಅಕ್ಕನ ಮದುವೆಗೆ, ಚಿಕ್ಕ ಕಂಪನಿಯ ಸಂದರ್ಶನಕ್ಕೆ ಎಲ್ಲಕ್ಕೂ ನಡೆಯುವ ಉಡುಪು ಇದು. ಹುಡುಗನೊಬ್ಬನಿಗೆ ಇದಕ್ಕಾಗಿ ಎಷ್ಟು ಬಟ್ಟೆ ಬೇಕು?

ನಮ್ಮಲ್ಲಿ ರೂಢಿ ಇರುವುದು 'ಸೆಟ್' ಲೆಕ್ಕ. ದೀಪಾವಳಿಗೊಂದು ಸೆಟ್, ಯುಗಾದಿಗೊಂದು ಸೆಟ್, ಮದುವೆಗೊಂದು. ನಾಲ್ಕು ಸೆಟ್ ಎಂದರೆ ಎಂಟು ಬಟ್ಟೆ. ಆದರೆ ಈ ಪ್ಯಾಂಟಿಗೆ ಈ ಅಂಗಿಯೇ ಎಂದಾದಾಗ ತೊಡಲು ಸಿಗುವುದು ನಾಲ್ಕೇ ಜೋಡಿ. ಅದರ ಬದಲು ಎರಡು ಪ್ಯಾಂಟು, ನಾಲ್ಕು ಅಂಗಿ ಕೊಳ್ಳಿ. ಪ್ರತಿ ಅಂಗಿಯೂ ಎರಡೂ ಪ್ಯಾಂಟಿಗೆ ಹೊಂದುವಂತಿದ್ದರೆ ಆರು ಬಟ್ಟೆಯಲ್ಲಿ ಎಂಟು ಜೋಡಿ. ಮುಂದಿನ ವರ್ಷ ಮೂರನೆಯ ಪ್ಯಾಂಟು ಸೇರಿತೆನ್ನಿ, ಹನ್ನೆರಡು. ಏಳನೆಯ ತರಗತಿಯ ಗುಣಾಕಾರವೇ ಸಾಕು. ಆದರೆ ಎಲ್ಲಕ್ಕೂ ಹೊಂದುವ ಬಣ್ಣ ಯಾವುದು ಎಂಬುದನ್ನು ಅಂಗಡಿಗೆ ಹೋಗುವ ಮೊದಲೇ ಮನೆಯಲ್ಲಿ ಕೂತು ತೀರ್ಮಾನಿಸಿಕೊಂಡಿರಬೇಕು.

ಇದಕ್ಕೆ ಮುಂಬಯಿಯ ಫ್ಯಾಷನ್ ಪತ್ರಿಕೆ ತರಿಸಬೇಕಾಗಿಲ್ಲ. ಲಿಂಗಸುಗೂರಿನಿಂದ ಪಶ್ಚಿಮಕ್ಕೆ ಹೊರಟರೆ ಇಳಕಲ್ಲು ದೂರವಲ್ಲ. ಮನೆಯಲ್ಲಿ ಅಮ್ಮನ, ಅಜ್ಜಿಯ ಇಳಕಲ್ ಸೀರೆ ಇದ್ದರೆ ಒಮ್ಮೆ ಬಿಡಿಸಿ ನೋಡಿ. ಒಡಲು ಒಂದೇ ಬಣ್ಣದ್ದು, ಇಲ್ಲವೇ ಹತ್ತಿರ ಹೋದರೆ ಮಾತ್ರ ಕಾಣುವ ಸಣ್ಣ ಚೌಕಳಿಯದು. ದಡಿ ಗಾಢ. ಸೆರಗು ಕೆಂಪು, ಅದರಲ್ಲಿ ಬಿಳಿಯ ಟೋಪಿ ತೆನೆ. ಒಡಲು ಹಸಿರಿರಲಿ, ನೀಲಿ ಇರಲಿ, ಕಪ್ಪಿರಲಿ, ಸಾಂಪ್ರದಾಯಿಕ ಸೀರೆಯಲ್ಲಿ ಆ ಕೆಂಪು ಬಿಳಿ ಸೆರಗು ಮಾತ್ರ ಬದಲಾಗದು. ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಜೋಡಿಸುವ ಕೆಲಸ ಅಲ್ಲಿಯ ನೇಕಾರರ ವಿಶೇಷ. ದೊಡ್ಡ ಜಾಗ ಸುಮ್ಮನಿರಬೇಕು, ಸಣ್ಣ ಜಾಗ ಮಾತಾಡಬೇಕು ಎಂಬ ಲೆಕ್ಕ ಆ ಮಗ್ಗದಲ್ಲೇ ಇದೆ. ಪ್ಯಾಂಟು ಅಂಗಿಗೂ ಇದೇ ಲೆಕ್ಕ.

ಹಾಗಾಗಿ ಮೊದಲು ಪ್ಯಾಂಟು. ಎರಡೇ ಕೊಳ್ಳುವುದಾದರೆ ಒಂದು ನೇವಿ ಬ್ಲೂ, ಇನ್ನೊಂದು ಬಿಸ್ಕತ್ ಬಣ್ಣದ್ದು. ಬಿಸ್ಕತ್ ಬಣ್ಣ ಹಿಡಿಸದಿದ್ದರೆ ಬೂದಿ ಬಣ್ಣ. ಕಪ್ಪು ಯಾಕಿಲ್ಲ ಎಂದು ಕೇಳುವವರಿದ್ದಾರೆ. ಕಪ್ಪು ಪ್ಯಾಂಟು ಕೊಳ್ಳುವಾಗ ಎಲ್ಲಕ್ಕೂ ಒಪ್ಪುವಂತೆ ಕಾಣುತ್ತದೆ, ನಿಜ. ಆದರೆ ಲಿಂಗಸುಗೂರು, ಮಸ್ಕಿ, ಸಿಂಧನೂರು ಸಾಲಿನ ಹೆದ್ದಾರಿಯಲ್ಲಿ ದಿನಾ ಬಸ್ಸಿನಲ್ಲಿ ನಿಂತು ಓಡಾಡುವ ಹುಡುಗನ ಕಪ್ಪು ಪ್ಯಾಂಟನ್ನು ಸಂಜೆ ನೋಡಿ. ಮೊಣಕಾಲಿನಿಂದ ಕೆಳಗೆ ಪೂರ್ತಿ ಧೂಳಿನ ಪುಡಿ. ಬಿಸಿಲಿಗೆ ನಾಲ್ಕು ಸಲ ಒಣಗಿದ ಮೇಲೆ ಅದು ಕಪ್ಪಾಗಿಯೂ ಉಳಿಯದೆ ಒಂದು ಬಗೆಯ ಕೆಂಚು ಬಣ್ಣಕ್ಕೆ ತಿರುಗುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಜಿಲ್ಲೆಯಲ್ಲಿ ಬಿಸಿಲನ್ನೆಲ್ಲ ಹೀರಿಕೊಳ್ಳುವ ಬಣ್ಣವನ್ನು ಕಾಲಿಗೆ ಸುತ್ತಿಕೊಳ್ಳುವ ಅವಸರವೇನು? ಅದು ಮೂರನೆಯದೋ ನಾಲ್ಕನೆಯದೋ ಆಗಲಿ.

ಬಿಸ್ಕತ್ ಬಣ್ಣ ಎಂದಕೂಡಲೆ 'ಕಂಡಕ್ಟರ್ ಕಂಡಂಗ ಕಾಣ್ತೀನಿ' ಎನ್ನುವ ಹುಡುಗರಿಗೆ ಒಂದು ಮಾತು. ಖಾಕಿ ಎಂಬ ಶಬ್ದದ ಮೂಲ ಖಾಕ್. ನಿಜಾಮರ ಆಡಳಿತವನ್ನು 1948ರವರೆಗೆ ಕಂಡ, ಇಂದಿಗೂ ಉರ್ದು ಕಿವಿಗೆ ಬೀಳುವ ಈ ಸೀಮೆಯವರಿಗೆ ಅದರ ಅರ್ಥ ಗೊತ್ತೇ ಇದೆ: ಧೂಳು, ಮಣ್ಣು. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರ ಸೈನ್ಯ ಬಿಳಿ, ಕೆಂಪು ಅಂಗಿ ಬಿಟ್ಟು ಮಣ್ಣಿನ ಬಣ್ಣಕ್ಕೆ ಬಂದದ್ದು ನಮ್ಮ ನೆಲದ ಧೂಳನ್ನು ನೋಡಿಯೇ. ಸಿಪಾಯಿಗೆ ಒದಗಿದ್ದು ವಿದ್ಯಾರ್ಥಿಗೂ ಒದಗುತ್ತದೆ. ಕಂಡಕ್ಟರರ ಖಾಕಿಗಿಂತ ಒಂದೆರಡು ಪಟ್ಟು ತಿಳಿಯಾದ, ಒಣಗಿದ ಜೋಳದ ದಂಟಿನ ಬಣ್ಣ ಹುಡುಕಿ. ಸಿಂಧನೂರಿನ ಎರೆ ಧೂಳೇ ಬೀಳಲಿ, ಲಿಂಗಸುಗೂರಿನ ಕಡೆಯ ಮಸಾರಿಯದೇ ಬೀಳಲಿ, ಒಮ್ಮೆ ಕೊಡವಿದರೆ ಮುಗಿಯಿತು. ಮಳೆಗಾಲದ ಎರೆ ಕೆಸರು ಮಾತ್ರ ಬೇರೆ ಮಾತು. ಆ ಎರಡು ತಿಂಗಳು ನೇವಿ ಬ್ಲೂ ತೊಡಲಿ.

ಜೀನ್ಸ್ ಬೇಡವೇ? ಬೇಕು. ಅದೇ ಹೆದ್ದಾರಿ ಸಿರುಗುಪ್ಪ ದಾಟಿ ಬಳ್ಳಾರಿಗೆ ಹೋಗುತ್ತದೆ; ಜೀನ್ಸ್ ಹೊಲಿಗೆಗೆ ಹೆಸರಾದ ಊರು ಅದು. ಗಾಢ ನೀಲಿಯ, ಹರಿದಿಲ್ಲದ, ತೊಡೆಯ ಮೇಲೆ ಬಿಳಿ ಮಾಡದ ಜೀನ್ಸ್ ಮೂರನೆಯ ಪ್ಯಾಂಟಿನ ಜಾಗ ತುಂಬುತ್ತದೆ. ಹೊಸದನ್ನು ಮೊದಲ ಮೂರು ನಾಲ್ಕು ಸಲ ಬೇರೆಯಾಗಿಯೇ ಒಗೆಯಬೇಕು. ಇಲ್ಲವಾದರೆ ಬಿಳಿ ಅಂಗಿ ನೀಲಿಯಾಗಿ ಬರುತ್ತದೆ, ಮನೆಯಲ್ಲಿ ಎರಡನೆಯ ಜಗಳ ಶುರುವಾಗುತ್ತದೆ.

ಇನ್ನು ಅಂಗಿಗಳು. ಒಂದು ಬಿಳಿ, ತುಂಬು ತೋಳಿನದು. ಒಂದು ತಿಳಿ ಆಕಾಶ ನೀಲಿ, ಅರ್ಧ ತೋಳಿನದು. ಒಂದು ಮೆರೂನ್ ಅಥವಾ ಬಾಟಲ್ ಗ್ರೀನ್. ನಾಲ್ಕನೆಯದು ಬಿಳಿ ನೆಲದ ಮೇಲೆ ಸಣ್ಣ ನೀಲಿ ಗೆರೆಯ ಚೌಕಳಿ. ಗೆರೆಯ ನೀಲಿ ನೇವಿ ಪ್ಯಾಂಟಿನ ಬಣ್ಣಕ್ಕೆ ಹತ್ತಿರವಿದ್ದರೆ ಜೋಡಿ ತಾನಾಗಿ ಕೂಡುತ್ತದೆ. ಈ ನಾಲ್ಕೂ ಮೇಲಿನ ಯಾವ ಪ್ಯಾಂಟಿನ ಮೇಲೂ ಕೆಡುವುದಿಲ್ಲ. ಮೆರೂನ್ ಅಂಗಿ ನೇವಿ ಪ್ಯಾಂಟಿನ ಮೇಲೆ ಹಗಲಿನಲ್ಲಿ ಕೊಂಚ ಭಾರವೆನಿಸಬಹುದು, ರಾತ್ರಿಯ ಆರತಕ್ಷತೆಗೆ ಚೆನ್ನ. ಅಂಗಿಯಲ್ಲೂ ಚೌಕಳಿ, ಪ್ಯಾಂಟಿನಲ್ಲೂ ಚೌಕಳಿ ಆಗದು. ಬಿಳಿ ಅಂಗಿಯ ಕೆಳಗೆ ಬಿಳಿ ಪ್ಯಾಂಟೂ ಬೇಡ. ತಾಲ್ಲೂಕು ಪಂಚಾಯಿತಿಗೆ ನಿಂತವರ ಹಾಗೆ ಕಾಣುತ್ತದೆ.

ಹೂವಿನ, ಹುಲಿಯ, ಬೆಂಕಿಯ ಚಿತ್ರದ ಅಂಗಿಗಳ ಬಗ್ಗೆ ಏನೂ ಹೇಳಲಿಲ್ಲವೆಂದು ಹುಡುಗರು ಮುನಿಸಿಕೊಳ್ಳಬಹುದು. ಒಂದು ಇಟ್ಟುಕೊಳ್ಳಿ, ಐದನೆಯದಾಗಿ. ಆದರೆ ಮಸ್ಕಿಗೆ ಪ್ರವಾಸ ಹೋಗಿ ಅಶೋಕನ ಶಾಸನದ ಬಂಡೆಯ ಬಳಿ ತೆಗೆಸಿಕೊಂಡ ಗುಂಪು ಫೋಟೊ ಇದ್ದರೆ ತೆಗೆದು ನೋಡಿ. ಚಿತ್ರದಂಗಿ ತೊಟ್ಟವನ ಅಂಗಿ ಮೊದಲು ಕಾಣುತ್ತದೆ, ತಿಳಿ ನೀಲಿ ತೊಟ್ಟವನ ಮುಖ ಮೊದಲು ಕಾಣುತ್ತದೆ. ದೇವಾನಾಂಪ್ರಿಯ ಎಂದಷ್ಟೇ ಕರೆಸಿಕೊಂಡಿದ್ದ ಅರಸನ ಸ್ವಂತ ಹೆಸರು 1915ರಲ್ಲಿ ಬೆಳಕಿಗೆ ಬಂದದ್ದು ಆ ಬಂಡೆಯಿಂದ. ಅಲ್ಲಿ ನಿಂತಾಗಲಾದರೂ ಅಂಗಿಗಿಂತ ಹೆಸರು ಮುಖ್ಯವಾಗಲಿ!

ತಂದೆ ತಾಯಂದಿರಿಗೆ ಒಂದು ವಿಷಯವನ್ನು ಸ್ವಲ್ಪ ಖಾರವಾಗಿಯೇ ಹೇಳಬೇಕಾಗಿದೆ. ಅಂಗಡಿಯಲ್ಲಿ ನಾಲ್ಕು ಜನರ ಎದುರು 'ನಿನ್ನ ಬಣ್ಣಕ್ಕ ಇದು ಒಪ್ಪಂಗಿಲ್ಲ ಬಿಡು' ಎನ್ನುವುದನ್ನು ದಯವಿಟ್ಟು ನಿಲ್ಲಿಸಿ. ಹದಿನೇಳರ ಹುಡುಗ ಆ ಮಾತನ್ನು ಮರೆಯುವುದಿಲ್ಲ. ಅಲ್ಲದೆ ಅದು ನಿಜವೂ ಅಲ್ಲ. ಕಪ್ಪು ಮೈಬಣ್ಣದವರಿಗೆ ಬಿಳಿ, ತಿಳಿ ನೀಲಿ, ಕೆನೆ ಬಣ್ಣ ಬಹಳ ಚೆನ್ನಾಗಿ ಒಪ್ಪುತ್ತವೆ. ಮುಖಕ್ಕೂ ಅಂಗಿಗೂ ನಡುವೆ ಅಂತರ ಇರುವುದರಿಂದ ಮುಖ ಎದ್ದು ಕಾಣುತ್ತದೆ. ಮೆರೂನ್, ಬಾಟಲ್ ಗ್ರೀನ್ ಸಹ ಹಾಗೆಯೇ. ಮೈಬಣ್ಣಕ್ಕೆ ತೀರ ಹತ್ತಿರವಾದ ಮಂಕು ಕಂದು ಬಣ್ಣ ಮಾತ್ರ ಯಾರಿಗೂ ಅಷ್ಟಾಗಿ ಹೊಂದದು, ಬೆಳ್ಳಗಿನವರಿಗೆ ಮಂಕು ಕೆನೆ ಹೊಂದದ ಹಾಗೆ. ಅನುಮಾನವಿದ್ದರೆ ಬಟ್ಟೆಯನ್ನು ಗದ್ದದ ಕೆಳಗೆ ಹಿಡಿದು ಕನ್ನಡಿಯಲ್ಲಿ ನೋಡಲಿ, ತೀರ್ಮಾನವನ್ನು ಅವನೇ ಮಾಡಲಿ.

ಕನ್ನಡಿಯಲ್ಲಿ ನೋಡುವುದಕ್ಕೂ ಮೊದಲು ಬಟ್ಟೆಯನ್ನು ಅಂಗಡಿಯ ಬಾಗಿಲಿಗೆ ತನ್ನಿ. ಒಳಗಿನ ದೀಪದ ಬೆಳಕಿನಲ್ಲಿ ನೇವಿ ಬ್ಲೂ ಮತ್ತು ಕಪ್ಪಿನ ವ್ಯತ್ಯಾಸ ತಿಳಿಯುವುದು ಕಷ್ಟ. ಬೂದಿ ಬಣ್ಣದಲ್ಲಿ ಅಡಗಿರುವ ಹಸಿರು ಛಾಯೆಯೂ ಹೊರಗೆ ಬಂದಾಗಲೇ ಕಾಣುವುದು. ಬಟ್ಟೆಯ ಬಣ್ಣವೆಂದರೆ ಅದರ ಮೇಲೆ ಬೀಳುವ ಬೆಳಕಿನ ಆಟ, ಬೆಳಕು ಬದಲಾದರೆ ಬಣ್ಣವೂ ಬದಲಾಗುತ್ತದೆ. ಪ್ಯಾಂಟಿಗೆ ಹೊಂದುವ ಅಂಗಿ ಬೇಕಾದಾಗ ಮನೆಯ ಪ್ಯಾಂಟನ್ನೇ ಚೀಲದಲ್ಲಿ ಒಯ್ಯುವುದು ಒಳ್ಳೆಯದು. ನೆನಪಿನಲ್ಲಿರುವ ಬಣ್ಣ ಮೋಸ ಮಾಡುತ್ತದೆ. ಗಾಢ ಬಣ್ಣದ ಅಂಗಿಯಾದರೆ ಬಿಳಿ ಕರವಸ್ತ್ರದ ತುದಿಯನ್ನು ಒದ್ದೆ ಮಾಡಿ ಒಳಬದಿಯ ಹೊಲಿಗೆಯ ಬಳಿ ಉಜ್ಜಿ; ಬಣ್ಣ ಹತ್ತಿದರೆ ಬಿಟ್ಟುಬಿಡಿ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಅರ್ಧ ತೋಳಿನ ಅಂಗಿ ಒಂದಾದರೂ ಇರಲಿ ಎಂದದ್ದಕ್ಕೆ ಬೇರೆ ಕಾರಣವೂ ಇದೆ. ನೀಟ್ ಪರೀಕ್ಷೆಗೆ ತುಂಬು ತೋಳಿನ ಬಟ್ಟೆ, ಷೂ ತೊಟ್ಟು ಬರಬಾರದೆಂಬ ಸೂಚನೆ ಇರುತ್ತದೆ. ಕೆಇಎ ನಡೆಸುವ ನೇಮಕಾತಿ ಪರೀಕ್ಷೆಗಳಲ್ಲೂ ಅರ್ಧ ತೋಳಿನ ಅಂಗಿ, ಸಾದಾ ಪ್ಯಾಂಟು ಎಂಬ ನಿಯಮ ಬಂದಿದೆ. ಪ್ರವೇಶಪತ್ರದ ಜೊತೆಗಿನ ಸೂಚನೆಗಳನ್ನು ಹಿಂದಿನ ದಿನವೇ ಓದಿಕೊಳ್ಳಬೇಕು. ಪರೀಕ್ಷಾ ಕೇಂದ್ರದ ಗೇಟಿನಲ್ಲಿ ತೋಳು ಕತ್ತರಿಸಿಕೊಂಡು ಒಳಗೆ ಹೋದ ಹುಡುಗನಿಗೆ ಮೊದಲ ಅರ್ಧ ಗಂಟೆ ಪ್ರಶ್ನೆಪತ್ರಿಕೆ ಕಣ್ಣಿಗೆ ಹತ್ತುವುದೇ ಇಲ್ಲ.

ಬಿಳಿ ಅಂಗಿಯ ಶತ್ರು ನಮ್ಮ ಬೋರಿನ ನೀರು. ಗಡಸು ನೀರಿನಲ್ಲಿ ಸಾಬೂನು ನೊರೆ ಬರುವ ಬದಲು ಗಸಿಯಾಗಿ ಎಳೆಗಳಲ್ಲಿ ಕೂರುತ್ತದೆ, ಬಿಳಿ ಮಾಸಲಾಗುತ್ತದೆ. ಅಂಥ ನೀರಿಗೆ ಬಾರ್ ಸಾಬೂನಿಗಿಂತ ಡಿಟರ್ಜೆಂಟ್ ಪುಡಿ ಮೇಲು. ಕಾಲುವೆಯದೋ ಮಳೆಯದೋ ನೀರು ಸಿಕ್ಕರೆ ಕೊನೆಯ ಜಾಲಾಡುವಿಕೆಗೆ ಅದನ್ನು ಇಟ್ಟುಕೊಳ್ಳಿ. ನೀಲಿಯನ್ನು ನೇರವಾಗಿ ಬಟ್ಟೆಯ ಮೇಲೆ ಸುರಿಯದೆ ಮೊದಲು ಬಕೆಟ್ಟಿನ ನೀರಿನಲ್ಲಿ ಕಲಸಬೇಕು. ಗಾಢ ಬಣ್ಣದವನ್ನು ಒಳಮೈ ಹೊರಗೆ ಮಾಡಿ ನೆರಳಿನಲ್ಲಿ ಒಣಗಿಸುವುದು. ಹಾಸ್ಟೆಲಿಗೆ ಹೋಗುವ ಹುಡುಗ ಇಷ್ಟನ್ನು ಮನೆಯಲ್ಲೇ ಕಲಿತು ಹೋಗಲಿ. ಅಮ್ಮ ಅಲ್ಲಿಗೆ ಬರುವುದಿಲ್ಲ.

ಷೂ, ಬೆಲ್ಟು ಒಂದೇ ಬಣ್ಣದವಾಗಿರಲಿ. ಒಂದೇ ಜೊತೆ ಕೊಳ್ಳುವುದಾದರೆ ಕಂದು, ನೇವಿಗೂ ಬಿಸ್ಕತ್ತಿಗೂ ನಡೆಯುತ್ತದೆ.

ದರ್ಜಿಯಲ್ಲಿ ಹೊಲಿಸುವವರು ಪ್ಯಾಂಟಿನ ಕೆಳಗೆ ಎರಡು ಇಂಚು ಬಟ್ಟೆಯನ್ನು ಒಳಕ್ಕೆ ಮಡಚಿ ಬಿಡಲು ಹೇಳಿ. ಪಿಯುಸಿ ಹುಡುಗರು ಒಂದೇ ವರ್ಷದಲ್ಲಿ ಎತ್ತರ ಬಿಡುತ್ತಾರೆ. ಮುಂದೆ ಮಡಿಕೆ ಬಿಚ್ಚಿದಾಗ ನೇವಿ ಬ್ಲೂ ಪ್ಯಾಂಟಿನಲ್ಲಿ ಹಳೆಯ ಗೆರೆಯೂ, ಬಿಸಿಲು ಕಾಣದ ಪಟ್ಟಿಯೂ ಎದ್ದು ಕಾಣುತ್ತವೆ; ಬಿಸ್ಕತ್, ಬೂದಿ ಬಣ್ಣಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ. ಆದ್ದರಿಂದ ಇನ್ನೂ ಬೆಳೆಯುತ್ತಿರುವ ಹುಡುಗನಿಗೆ ದುಬಾರಿ ಬಟ್ಟೆಯನ್ನು ತಿಳಿ ಬಣ್ಣದ ಪ್ಯಾಂಟಿಗೆ ಹಾಕಿ, ನೇವಿ ಬ್ಲೂ ಸದ್ಯಕ್ಕೆ ಸಾಧಾರಣ ಬಟ್ಟೆಯದೇ ಇರಲಿ.