ಖಾಡಿಯ ಮೀನು ಮತ್ತು ನಮ್ಮ ತಟ್ಟೆ

ವಾರದ ರಜೆಯ ದಿನ ಗಾಳ ಹಿಡಿದು ಮಾಹೀಮ್ ಕಡೆಗೋ ಠಾಣೆಯ ಖಾಡಿಗೋ ಹೋಗುವ ಹೊಟೇಲು ಕಾರ್ಮಿಕ ಬಂಧುಗಳು ನಮ್ಮಲ್ಲಿದ್ದಾರೆ. ಕರಾವಳಿಯಿಂದ ಬಂದವನಿಗೆ ನೀರು ಕಂಡರೆ ಕೈ ಸುಮ್ಮನಿರುವುದಿಲ್ಲ. ಪೇಟೆಯಲ್ಲಿ ಅಂಜಲಿನ ಕ್ರಯ ಕೇಳಿಯೇ ಹಿಂತಿರುಗುವವನಿಗೆ ಪುಕ್ಕಟೆಯಾಗಿ ಸಿಕ್ಕ ನಾಲ್ಕು ಮೀನು, ಎರಡು ಏಡಿ ಸಣ್ಣ ಸಂಗತಿಯಲ್ಲ. ಇದನ್ನು ಶೋಕಿಯೆಂದು ಹೀಯಾಳಿಸುವವರ ಮಾತಿಗೆ ನಾನು ಒಪ್ಪುವವನಲ್ಲ. ಆದರೆ ಆ ಮೀನು ಯಾವ ನೀರಿನಲ್ಲಿ ಬೆಳೆಯಿತೆಂದು ನಾವೇ ಕೇಳದಿದ್ದರೆ ನಮಗಾಗಿ ಕೇಳುವವರು ಯಾರು?

ವಿಹಾರ ಮತ್ತು ಪವಾಯಿ ಕೆರೆಗಳಿಂದ ತುಂಬಿ ಹರಿದ ನೀರೇ ಮೀಠಿ ನದಿ. ಹೆಸರು ಮಾತ್ರ ಸಿಹಿ! ಸುಮಾರು 18 ಕಿಲೋಮೀಟರ್ ಹರಿದು ಮಾಹೀಮಿನಲ್ಲಿ ಸಮುದ್ರ ಸೇರುವುದರೊಳಗೆ ಸಾಕಿನಾಕಾ, ಕುರ್ಲಾ, ಧಾರಾವಿಗಳ ಚರಂಡಿಯೂ ಕಾರಖಾನೆಗಳ ಕೊಳೆಯೂ ಎಣ್ಣೆಯ ಪೀಪಾಯಿ ತೊಳೆದ ನೀರೂ ಅದರಲ್ಲಿ ಕೂಡುತ್ತವೆ. ಠಾಣೆ ಖಾಡಿಯ ಪೂರ್ವ ದಡದಲ್ಲಿ ಬೇಲಾಪುರದವರೆಗೆ ಕೈಗಾರಿಕೆಗಳ ಸಾಲೇ ಇದೆ.

“ಚೆನ್ನಾಗಿ ಬೇಯಿಸಿದರೆ ಆಯಿತಲ್ಲ, ಮಾರಾಯ್ರೇ” ಎನ್ನುವವರು ಬಹಳ. ಭಟ್ಟಿಯ ಮುಂದೆ ವರ್ಷಗಟ್ಟಲೆ ನಿಂತವನಾಗಿ ಹೇಳುತ್ತೇನೆ: ಬೆಂಕಿಯಿಂದ ರೋಗದ ಕ್ರಿಮಿ ಸಾಯುತ್ತದೆ, ಪಾದರಸ ಸಾಯುವುದಿಲ್ಲ. ಅದು ಮೀನಿನ ಮಾಂಸದಲ್ಲಿಯೇ ಬೆರೆತಿರುತ್ತದೆ. ಹುಣಸೆ, ಅರಸಿನ, ಉಪ್ಪು ಹಚ್ಚಿ ಎಷ್ಟು ತೊಳೆದರೂ ಹೋಗದು. ವಾಸನೆಯಿಲ್ಲ, ರುಚಿಯಲ್ಲೂ ತಿಳಿಯದು. ಸಣ್ಣ ಮೀನನ್ನು ದೊಡ್ಡದು ತಿನ್ನುತ್ತ ಹೋದಂತೆ ವಿಷ ದೊಡ್ಡದರಲ್ಲಿ ಸಂಗ್ರಹವಾಗುತ್ತದೆ. ಗಾಳಕ್ಕೆ ದೊಡ್ಡ ಮೀನು ಬಿತ್ತೆಂದು ಹಿಗ್ಗುವವನು ಇದನ್ನು ನೆನಪಿಡಬೇಕು.

ಜಪಾನಿನ ಮಿನಮಾಟಾ ಎಂಬ ಊರಿನ ಕಥೆ ಕೇಳಿ. ಚಿಸ್ಸೋ ಕಂಪನಿಯ ಕಾರಖಾನೆ 1932ರಿಂದ 1968ರವರೆಗೆ ಪಾದರಸದ ಹೊಲಸನ್ನು ಸಮುದ್ರಕ್ಕೆ ಬಿಟ್ಟಿತು. ಮೊದಲು ಬೆಕ್ಕುಗಳು ಹುಚ್ಚು ಹಿಡಿದಂತೆ ಕುಣಿದು ಸತ್ತವು. 1956ರಲ್ಲಿ ಮನುಷ್ಯರ ರೋಗ ಅಧಿಕೃತವಾಗಿ ದಾಖಲಾಯಿತು. ಕೈಕಾಲು ನಡುಗಿ, ಮಾತು ತೊದಲಿ, ಕಣ್ಣು ಮಂಜಾಗಿ ನರಳಿದವರಲ್ಲಿ ಬಹುಮಂದಿ ದಿನವೂ ಮೀನು ತಿನ್ನುವ ಬೆಸ್ತರ ಮನೆಯವರು. ಹೆಚ್ಚು ತೊಂದರೆ ಕಾಣದ ತಾಯಂದಿರ ಹೊಟ್ಟೆಯಲ್ಲಿಯೂ ಅಂಗವಿಕಲ ಶಿಶುಗಳು ಹುಟ್ಟಿದವು. ಕಾರಣ ಇಂಥದೆಂದು ಸರಕಾರ ಒಪ್ಪಿಕೊಳ್ಳಲು 1968ನೆಯ ಇಸವಿ ಬರಬೇಕಾಯಿತು. 12 ವರ್ಷ! ಆ ನಡುವೆ ಕಾರಖಾನೆಯ ಚಕ್ರ ಒಂದು ದಿನವೂ ಬಡವರಿಗಾಗಿ ನಿಲ್ಲಲಿಲ್ಲ.

ಮುಂಬಯಿ ಮಿನಮಾಟಾ ಆಗಿದೆಯೆಂದು ನಾನು ಹೆದರಿಸುತ್ತಿಲ್ಲ. ಮೀನು ಬಿಡಿರೆಂದೂ ಹೇಳುವುದಿಲ್ಲ. ದಿನಕ್ಕೆ ಹನ್ನೆರಡು ಗಂಟೆ ದುಡಿಯುವ ದೇಹಕ್ಕೆ ಅಷ್ಟು ಒಳ್ಳೆಯ ಆಹಾರ ಬೇರೆ ಯಾವುದಿದೆ? ಸಮುದ್ರದ ಬೂತಾಯಿ, ಬಂಗುಡೆ ಧಾರಾಳವಾಗಿ ತಿನ್ನಿ. ಅವು ಸಣ್ಣ ಮೀನುಗಳು, ಪಾದರಸ ಕಡಿಮೆ. ಖಾಡಿಯ ಮೀನಾದರೆ ಚರಂಡಿ ಬೀಳುವ ಬಾಯಿಯ ಬಳಿ ಗಾಳ ಹಾಕಬೇಡಿ. ಕೆಲವು ವಿಷಗಳು ಕೊಬ್ಬಿನಲ್ಲಿ ಕೂರುತ್ತವೆ. ಆದುದರಿಂದ ಚರ್ಮ, ಹೊಟ್ಟೆಯ ಕೊಬ್ಬು, ಕರುಳು, ಪಿತ್ತಕೋಶ ತೆಗೆದುಬಿಡಿ. ಕೆಂಡದ ಮೇಲೆ ಸುಟ್ಟು, ಇಳಿದ ಕೊಬ್ಬನ್ನು ಚೆಲ್ಲಿ. ಏಡಿಯ ಚಿಪ್ಪಿನೊಳಗಿನ ಹಳದಿ ಭಾಗ ರುಚಿಯೇನೋ ಹೌದು, ಆದರೂ ಬೇಡ. ಮರುವಾಯಿಯಂಥ ಚಿಪ್ಪಿನ ಜೀವಿಗಳು ನೀರನ್ನು ಸೋಸಿಯೇ ಬದುಕುವುದರಿಂದ ಕೊಳಕು ಖಾಡಿಯವನ್ನು ಮುಟ್ಟಲೇಬೇಡಿ. ಬಸುರಿಯರಿಗೆ, ಮೊಲೆಯುಣಿಸುವ ತಾಯಂದಿರಿಗೆ, ಮಕ್ಕಳಿಗೆ ಆ ನೀರಿನ ಯಾವ ಮೀನನ್ನೂ ಬಡಿಸುವುದು ಬೇಡ. ಪ್ರೀತಿಯಿಂದ ದೊಡ್ಡ ತುಂಡನ್ನು ಅವರಿಗೇ ಇಡುವುದು ನಮ್ಮ ಮನೆಗಳ ವಾಡಿಕೆ, ಅದಕ್ಕಾಗಿಯೇ ಒತ್ತಿ ಹೇಳುತ್ತಿದ್ದೇನೆ.

ಇಷ್ಟು ನಮ್ಮ ಕೈಯಲ್ಲಿರುವುದು. ನೀರು ಕೆಡಿಸಿದವರು ನಾವಲ್ಲ, ಎಚ್ಚರಿಕೆಯ ಭಾರ ಮಾತ್ರ ನಮ್ಮ ಮೇಲೆ! ಅಮೆರಿಕದ ರಾಜ್ಯ ಸರಕಾರಗಳು ಕೆರೆ, ಹೊಳೆಗಳ ಮೀನನ್ನು ಪರೀಕ್ಷಿಸಿ, ಎಲ್ಲಿಯ ಯಾವ ಮೀನನ್ನು ತಿಂಗಳಿಗೆ ಎಷ್ಟು ಸಲ ತಿನ್ನಬಹುದೆಂದು ಗಾಳದವರಿಗೆ ತಿಳಿಸುತ್ತವೆ. ಸೂಚನೆಯೇ ಇಲ್ಲದ ನೀರಿನ ಮೀನಾದರೆ ವಾರಕ್ಕೆ ಒಂದೇ ಊಟ, ಆ ವಾರ ಬೇರೆ ಮೀನು ಬೇಡ ಎಂಬುದು ಅಲ್ಲಿಯ ಸಲಹೆ. ನಮ್ಮ ಮಹಾನಗರಪಾಲಿಕೆಯೂ ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿಯೂ ಬರಿಯ ನೀರನ್ನು ಅಳೆದರೆ ಸಾಲದು, ಮೀನನ್ನೂ ಅಳೆಯಬೇಕು. ಫಲಿತಾಂಶವನ್ನು ದಡದಲ್ಲಿ ಹಲಗೆಯ ಮೇಲೆ ಮರಾಠಿ, ಹಿಂದಿಯ ಜೊತೆಗೆ ಕನ್ನಡದಲ್ಲಿಯೂ ಬರೆಸಬೇಕು. ಸಂಘದ ಮುಂದಿನ ಸಭೆಯಲ್ಲಿ ಈ ಬೇಡಿಕೆಯ ಠರಾವನ್ನು ಮಂಡಿಸುವವನಿದ್ದೇನೆ. ಗಾಳ ಹಾಕುವ ಬಂಧುಗಳು ತಾವು ಕೂರುವ ಜಾಗ, ಹಿಡಿಯುವ ಮೀನುಗಳ ಹೆಸರು ಬರೆದು ತಂದರೆ ಅರ್ಜಿಗೆ ಅದನ್ನೇ ಲಗತ್ತಿಸೋಣ.