ಲೋಹಕ್ಕೂ ಗಾಜಿಗೂ ತಗಲುವ ಕಾಣದ ಪೆಟ್ಟು

ಪಾತ್ರೆಯು ಸೊಟ್ಟಗಾದರೆ ಎಲ್ಲರಿಗೂ ಕಾಣುತ್ತದೆ. ಲೋಟವು ಬಿರಿದರೆ ಕೈಗೆ ತಿಳಿಯುತ್ತದೆ. ಆದರೆ ಕಣ್ಣಿಗೂ ಕೈಗೂ ನಿಲುಕದ ಪೆಟ್ಟೂ ಉಂಟು. ಅಂಥದನ್ನು ಕೇಡು ಸಂಭವಿಸುವ ಮುನ್ನವೇ ಹುಡುಕಿ ನೋಡುವುದು ವಿದ್ಯಾವಂತರ ಕರ್ತವ್ಯವೆಂಬುದು ನಮ್ಮ ಅಭಿಪ್ರಾಯವು.

ಲೋಹದಲ್ಲಿ ಪರಮಾಣುಗಳು ಸಾಲುಸಾಲಾಗಿ ಕ್ರಮದಿಂದ ನಿಂತಿರುತ್ತವೆ. ಎಲೆಕ್ಟ್ರಾನುಗಳನ್ನು ಕಳೆದುಕೊಂಡು ವಿದ್ಯುದಂಶವನ್ನು ಪಡೆದ ಪರಮಾಣುವಿಗೆ ಅಯಾನು ಎಂದು ಹೆಸರು. ಯಂತ್ರದಿಂದ ಮಹಾವೇಗವನ್ನು ಹೊಂದಿದ ಅಯಾನು ಲೋಹವನ್ನು ಹೊಕ್ಕರೆ ಒಂದು ಪರಮಾಣುವನ್ನು ಸ್ಥಾನದಿಂದ ತಳ್ಳುತ್ತದೆ. ಅದು ಮತ್ತೊಂದನ್ನು ತಳ್ಳುತ್ತದೆ. ಬಹುಪಾಲು ಪರಮಾಣುಗಳು ಕ್ಷಣಮಾತ್ರದಲ್ಲಿ ಮರಳಿ ನೆಲೆಗೊಳ್ಳುತ್ತವೆ. ಕೆಲವು ಸ್ಥಾನಗಳು ಮಾತ್ರ ಬರಿದಾಗಿಯೇ ಉಳಿಯುತ್ತವೆ. ಬಿಸಿಯಾದ ಲೋಹದಲ್ಲಿ ಇಂಥ ಬರಿದಾದ ಸ್ಥಾನಗಳು ಒಂದುಗೂಡಿದರೆ ಪೊಳ್ಳುಗಳುಂಟಾಗಿ ಲೋಹವು ಉಬ್ಬುತ್ತದೆ.

ಪರಮಾಣು ರಿಯಾಕ್ಟರಿನಲ್ಲಿ ನ್ಯೂಟ್ರಾನುಗಳು ಇದೇ ಕಾರ್ಯವನ್ನು ನಡೆಸುತ್ತವೆ. ಸ್ಕಾಟ್ಲೆಂಡಿನ ಡೌನ್‌ರೇ ರಿಯಾಕ್ಟರು 1959ರಲ್ಲಿ ಆರಂಭವಾಯಿತು. ಅದರ ಉಕ್ಕಿನಲ್ಲಿ ಪೊಳ್ಳುಗಳಿದ್ದ ಸಂಗತಿಯನ್ನು ಕಾಥಾರ್ನ್ ಮತ್ತು ಫುಲ್ಟನ್ ಎಂಬವರು ಪ್ರಕಟಿಸಿದ್ದು 1967ರಲ್ಲಿ. ಉಕ್ಕನ್ನು ಉಪಯೋಗಕ್ಕೆ ತಂದ ಮೇಲೆ ಅದರ ದೋಷವು ಗೊತ್ತಾಯಿತೆಂಬುದನ್ನು ವಾಚಕರು ಗಮನಿಸಬೇಕು.

ಗಾಜಿನಲ್ಲಿ ಕ್ರಮಬದ್ಧವಾದ ಸಾಲುಗಳಿಲ್ಲ. ಆದರೂ ನೆರೆಯ ಪರಮಾಣುಗಳು ಬಲವಾಗಿ ಬೆಸೆದುಕೊಂಡಿರುತ್ತವೆ. ರಿಯಾಕ್ಟರುಗಳ ತೀವ್ರ ವಿಕಿರಣವುಳ್ಳ ತ್ಯಾಜ್ಯವನ್ನು ಬೋರೋಸಿಲಿಕೇಟ್ ಗಾಜಿನಲ್ಲಿ ಬೆರೆಸಿ ಗಟ್ಟಿಮಾಡಿಡುವ ಪದ್ಧತಿಯು ನಮ್ಮ ದೇಶದಲ್ಲಿಯೂ ಉಂಟು. ಆ ತ್ಯಾಜ್ಯವು ಸಾವಿರಾರು ವರ್ಷ ಗಾಜನ್ನು ಒಳಗಿನಿಂದಲೇ ಹೊಡೆಯುತ್ತಿರುತ್ತದೆ. ಅಯಾನುಗಳಿಂದ ಹೊಡೆದು ಪರೀಕ್ಷಿಸಿದಾಗ ಇಂಥ ಗಾಜಿನ ಕಾಠಿಣ್ಯವು ತಗ್ಗಿ, ಗಾತ್ರವು ಅಲ್ಪವಾಗಿ ಬದಲಾಗಿ, ಒಂದು ಮಿತಿಯ ಬಳಿಕ ಬದಲಾವಣೆಯು ನಿಲ್ಲುವುದು ಕಂಡುಬಂದಿದೆ.

ಅಯಾನುಗಳ ಉಪಕಾರವು ದೊಡ್ಡದು. ವರ್ಷಗಳ ಪೆಟ್ಟನ್ನು ಅವು ಗಂಟೆಗಳಲ್ಲಿ ಅಥವಾ ದಿನಗಳಲ್ಲಿ ತೋರಿಸುತ್ತವೆ. ಆದಕಾರಣ ಇಷ್ಟೇ ಸಾಕೆನ್ನುವವರುಂಟು. ನಾವು ಇದನ್ನು ಒಪ್ಪಲಾರೆವು. ಇಂಥ ಪರೀಕ್ಷೆಗಳಲ್ಲಿ ಅಯಾನುಗಳು ಹೊಗುವ ಆಳವು ಸಾಮಾನ್ಯವಾಗಿ ಕೆಲವೇ ಮೈಕ್ರೋಮೀಟರು. ಕೂದಲಿನ ದಪ್ಪಕ್ಕಿಂತಲೂ ಬಹಳ ಕಡಮೆ. ಅವಸರದ ಪೆಟ್ಟಿಗೂ ನಿಧಾನವಾದ ಪೆಟ್ಟಿಗೂ ವಸ್ತುವು ಒಂದೇ ಬಗೆಯಾಗಿ ಉತ್ತರಿಸುವುದಿಲ್ಲ. ಶೀಘ್ರ ಪರೀಕ್ಷೆಯು ದಾರಿ ತೋರಿಸಲಿ. ರಿಯಾಕ್ಟರಿನಲ್ಲಿದ್ದ ಲೋಹವನ್ನೂ ಹಳೆಯ ಗಾಜನ್ನೂ ತಾಳ್ಮೆಯಿಂದ ಪರೀಕ್ಷಿಸಿಯೇ ತೀರ್ಪು ಹೇಳಲಿ.

ಇದು ದೂರದವರ ಚಿಂತೆಯಲ್ಲ. ನಮ್ಮ ಕೈಗಾದಲ್ಲಿಯೂ ಪರಮಾಣು ವಿದ್ಯುತ್ತು ಉತ್ಪನ್ನವಾಗುತ್ತದೆ. ಅದರ ಬೆಳಕು ನಮಗೆ. ತ್ಯಾಜ್ಯವನ್ನು ಕಾಯುವ ಭಾರವು ನಮ್ಮ ಮೊಮ್ಮಕ್ಕಳ ಮೊಮ್ಮಕ್ಕಳಿಗೆ. ಆದುದರಿಂದ ಹೆತ್ತವರಲ್ಲಿ ನಮ್ಮ ವಿನಂತಿಯೇನೆಂದರೆ, ಮಗಳು ಭೌತಶಾಸ್ತ್ರವನ್ನು ಬಯಸಿದರೆ ಅದು ಗಂಡುಮಕ್ಕಳ ವಿದ್ಯೆಯೆಂದು ತಡೆಯದಿರಿ. ಹಳೆಯ ವಿದ್ಯಾರ್ಥಿನಿಯರು ತಮ್ಮ ಶಾಲೆಯ ಪ್ರಯೋಗಶಾಲೆಗೆ ನೆರವಾಗಲಿ. ಕಾಣದ ಬಿರುಕನ್ನು ಹುಡುಕುವುದಕ್ಕೆ ಬೇಕಾದ ತಾಳ್ಮೆಯೂ ಸತ್ಯನಿಷ್ಠೆಯೂ ನಮ್ಮ ಹೆಣ್ಣುಮಕ್ಕಳಲ್ಲಿ ಧಾರಾಳವಾಗಿವೆ, ಅವಕಾಶವೊಂದೇ ಬೇಕಾಗಿದೆ.